ಹಳೆಯ ಯುದ್ಧಗಳ ಜ್ಞಾಪಕವೂ ನೆರೆಯವರ ಪ್ರೀತಿಯೂ

ನಮ್ಮ ಪೂರ್ವಿಕರು ಅನುಭವಿಸಿದ ಅನ್ಯಾಯವನ್ನು ನಾವು ಮರೆತುಬಿಡತಕ್ಕದ್ದೋ, ಇಲ್ಲವೆ ಜ್ಞಾಪಕದಲ್ಲಿ ಇಟ್ಟುಕೊಳ್ಳತಕ್ಕದ್ದೋ? ಮರೆತರೆ ಸತ್ತವರಿಗೆ ದ್ರೋಹವಾಗುವದು. ನೆನಸಿದರೆ ಬದುಕಿರುವವರ ನಡುವೆ ಹಗೆ ಹುಟ್ಟೀತೆಂಬ ಭಯವುಂಟು. ಅರಭಾವಿಯ ಸುತ್ತಲಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸಭೆಗಳಿಗೆ ಈ ಪ್ರಶ್ನೆಯು ದೂರದ್ದಲ್ಲ.

ಯಾಕಂದರೆ ನಮ್ಮದು ಗಡಿಯ ಸೀಮೆ. ಹಿರಣ್ಯಕೇಶಿ ನದಿಯು ಸಹ್ಯಾದ್ರಿಯ ಅಂಬೋಲಿಯ ಬಳಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳ ಮೇಲಿಂದ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಕೂಡುವದು. ಅದರ ದಂಡೆಯ ಪೇಟೆಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವವು. ಹುಕ್ಕೇರಿಯಲ್ಲಿ ವಿಜಾಪುರದ ಸುಲ್ತಾನರ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ಲಿಂಗಾಯತರು, ಮರಾಠರು, ಮುಸಲ್ಮಾನರು, ಜೈನರು, ಕುರುಬರು, ಬೇಡರು ಒಂದೇ ಸಂತೆಯಲ್ಲಿ ಕೊಡುಕೊಳ್ಳುವವರಾಗಿದ್ದಾರೆ.

ಇಂಥ ಸೀಮೆಯಲ್ಲಿ ಯುದ್ಧದ ಕಥೆಗಳು ಬಹಳ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಠ್ಯಾಕರೆಯು ಸತ್ತನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದ ಹಲಗಲಿಯ ಬೇಡರ ಊರು ಸುಡಲ್ಪಟ್ಟಿತು. ಅವರ ಮುಖ್ಯಸ್ಥರನ್ನು ಮುಧೋಳದಲ್ಲಿ ಗಲ್ಲಿಗೆ ಹಾಕಿದರು. ಈ ಕಥೆಗಳನ್ನು ಲಾವಣಿಕಾರರು ಉಳಿಸಿದ್ದಾರೆ. ಅರಭಾವಿಯ ತೋಟಗಾರಿಕೆ ಕಾಲೇಜಿಗೂ ಚೆನ್ನಮ್ಮನ ಹೆಸರೇ ಇರುವದು.

ಪ್ರಿಯ ವಾಚಕರೇ, ಇಲ್ಲಿ ನಾವು ಒಂದು ಸಂಗತಿಯನ್ನು ಮುಚ್ಚಿಡಬಾರದು. ಲಂಡನ್ ಮಿಷನ್ನಿನವರು ಬೆಳಗಾವಿಯಲ್ಲಿ ಸುವಾರ್ತೆಯ ಕೆಲಸವನ್ನು ಆರಂಭಿಸಿದ್ದು 1820ರಲ್ಲಿ, ಅಂದರೆ ಕಿತ್ತೂರಿನ ಯುದ್ಧಕ್ಕೆ ನಾಲ್ಕೇ ವರ್ಷ ಮುಂಚೆ. ಗಲ್ಲುಮರಗಳನ್ನು ನೆಟ್ಟವರು ಕ್ರೈಸ್ತರೆನಿಸಿಕೊಂಡವರು. ನೆರೆಯವರು ಮನಸ್ಸು ಮಾಡಿದ್ದರೆ ಆ ರಕ್ತದ ಲೆಕ್ಕವನ್ನು ನಮ್ಮ ಸಭೆಗಳಿಂದ ಕೇಳಬಹುದಾಗಿತ್ತು. ಆದರೂ ಅವರು ನಮ್ಮ ಮಕ್ಕಳೊಂದಿಗೆ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸಿದರು. ನಮ್ಮ ಸುಖದುಃಖಗಳಲ್ಲಿ ಪಾಲುಗೊಂಡರು. ಅಜ್ಜನ ಸಾಲವನ್ನು ಮೊಮ್ಮಗನಿಂದ ವಸೂಲು ಮಾಡದ ಈ ದಯೆಯನ್ನು ಪಡೆದ ನಾವು, ಮತ್ತೊಬ್ಬರಿಗೆ ಅದನ್ನು ತೋರಿಸದಿರುವದು ಹೇಗೆ?

ಈ ದಯೆಯಿಲ್ಲದ ಕಡೆಯಲ್ಲಿ ಏನಾಗುವದೆಂಬದಕ್ಕೆ ಯುರೋಪಿನ ಬೋಸ್ನಿಯಾ ದೇಶವು ಸಾಕ್ಷಿ. ಅಲ್ಲಿ ಮುಸಲ್ಮಾನರೂ ಆರ್ಥೊಡಾಕ್ಸ್ ಸಭೆಯ ಸರ್ಬರೂ ಕಥೋಲಿಕ ಕ್ರೊವಾಟರೂ ಒಂದೇ ಊರುಗಳಲ್ಲಿ ವಾಸವಾಗಿದ್ದರು. ಅವರ ಮಾತೂ ಹೆಚ್ಚುಕಡಿಮೆ ಒಂದೇ. ಆದರೆ 1389ರ ಕೊಸೊವೊ ಯುದ್ಧವನ್ನೂ ಎರಡನೆಯ ಮಹಾಯುದ್ಧದ ಕೊಲೆಗಳನ್ನೂ ನಾಯಕರು ಜನರಿಗೆ ಪದೇ ಪದೇ ನೆನಪುಮಾಡಿ, ಅದರ ಸೇಡನ್ನು ನೆರೆಮನೆಯವರ ಮೇಲೆ ತಿರುಗಿಸಿದರು. 1992ರಿಂದ 1995ರ ತನಕ ಯುದ್ಧ ನಡೆಯಿತು. 1995ರ ಜುಲೈಯಲ್ಲಿ ಗಡಿಗೆ ಸಮೀಪವಾದ ಸ್ರೆಬ್ರೆನಿತ್ಸಾ ಎಂಬ ಚಿಕ್ಕ ಊರಿನಲ್ಲಿ ಸುಮಾರು ಎಂಟು ಸಾವಿರ ಮುಸಲ್ಮಾನ ಗಂಡಸರೂ ಹುಡುಗರೂ ಕೊಲ್ಲಲ್ಪಟ್ಟರು. ಕೊಂದವರು ಕ್ರೈಸ್ತರೆನಿಸಿಕೊಂಡವರೇ. ಮಾತು ಒಂದಾದರೆ ಸಮಾಧಾನವೂ ಮಾತು ಬೇರೆಯಾದರೆ ಜಗಳವೂ ಆಗುವದೆಂದು ತಿಳಿಯುವದು ತಪ್ಪೆಂದು ಇದರಿಂದ ಕಾಣುವದು.

ಹಾಗಾದರೆ ಮರೆವೇ ಮದ್ದೋ? ಅಲ್ಲ. ಇಸ್ರಾಯೇಲ್ಯರಿಗೆ ದೇವರು ಐಗುಪ್ತದ ದಾಸತ್ವವನ್ನು ಮರೆಯಲು ಹೇಳಲಿಲ್ಲ. ಅದನ್ನು ನೆನಸಿ, ತಮ್ಮ ನಡುವೆ ಇರುವ ಪರದೇಶಸ್ಥನಿಗೆ ದಯೆತೋರಿಸಬೇಕೆಂದು ಆಜ್ಞಾಪಿಸಿದನು. ಕರ್ತನ ಭೋಜನವೂ ಒಂದು ಕೊಲೆಯ ಜ್ಞಾಪಕವೇ. ಆದರೆ ಆ ಮೇಜಿನಿಂದ ಎದ್ದವನು ಸೇಡಿಗಾಗಿ ಹೊರಟರೆ ಅವನು ಉಂಡದ್ದು ಕರ್ತನ ಭೋಜನವಲ್ಲ. ಅನೇಕ ಶತಮಾನಗಳ ತನಕ ಕ್ರೈಸ್ತರು ಇದನ್ನು ಮರೆತು, ಶಿಲುಬೆಯ ಕಥೆಯನ್ನೇ ನೆಪಮಾಡಿಕೊಂಡು ಯೆಹೂದ್ಯರನ್ನು ಹಿಂಸಿಸಿದರೆಂಬದು ನಮಗೆ ನಾಚಿಕೆಯ ಸಂಗತಿ.

ಆದಕಾರಣ ಜ್ಞಾಪಕವನ್ನು ಹೀಗೆ ಪರೀಕ್ಷಿಸೋಣ. ನಾವು ಹೇಳುವ ಕಥೆಯನ್ನು ನೆರೆಯವನು ನಮ್ಮ ಕಟ್ಟೆಯ ಮೇಲೆ ಕೂತಿರುವಾಗಲೂ ಹೇಳಬಲ್ಲೆವೋ? ಅದರಲ್ಲಿ ಅವನ ಸತ್ತವರಿಗೂ ಸ್ಥಳವುಂಟೋ? ಕಿತ್ತೂರಿನ ಮೇಲೆ ಬಂದ ದಂಡಿನಲ್ಲಿ ಮದ್ರಾಸಿನ ಕಡೆಯ ದೇಶೀಯ ಸಿಪಾಯಿಗಳೂ ಇದ್ದರು; ಅವರಿಗೂ ತಾಯಂದಿರಿದ್ದರು. ಇದನ್ನು ಹೇಳಿದರೆ ರಾಣಿಯ ಧೈರ್ಯವೇನೂ ಕುಂದುವದಿಲ್ಲ. ಅನ್ಯಾಯವು ನ್ಯಾಯವಾಗುವದೂ ಇಲ್ಲ.

1956ರಲ್ಲಿ ರಾಜ್ಯಗಳನ್ನು ಮರಳಿ ವಿಂಗಡಿಸಿದಂದಿನಿಂದ ನಮ್ಮ ಜಿಲ್ಲೆಯಲ್ಲಿ ಮತ್ತೊಂದು ಗಾಯವುಂಟು. ನವೆಂಬರ್ 1ರಂದು ಬೆಳಗಾವಿಯಲ್ಲಿ ಕನ್ನಡಿಗರು ರಾಜ್ಯೋತ್ಸವವನ್ನು ಆಚರಿಸುವಾಗ, ಮರಾಠಿಗರಲ್ಲಿ ಕೆಲವರು ಅದನ್ನು ಕರಾಳ ದಿನವೆಂದು ಆಚರಿಸುತ್ತಾರೆ. ಆ ದಿನ ಸಭೆಯವರು ಮಾಡತಕ್ಕ ಕೆಲಸವೊಂದುಂಟು. ಕನ್ನಡದ ಮೇಲಿನ ಪ್ರೀತಿಯನ್ನು ಬಿಡದೆ, ಮರಾಠಿ ಮಾತಾಡುವ ನೆರೆಯವನ ಬಾಗಿಲಿಗೆ ಹೋಗಿ, ಅವನ ಮನೆಯವರ ಕ್ಷೇಮವನ್ನು ವಿಚಾರಿಸಿ, ಅವನ ದುಃಖವೇನೆಂದು ಕೇಳಿ, ಉತ್ತರವನ್ನು ತಾಳ್ಮೆಯಿಂದ ಆಲಿಸತಕ್ಕದ್ದು. ಇದಕ್ಕೆ ಬೇಕಾದ ಧೈರ್ಯವನ್ನು ಕರ್ತನು ನಮಗೆ ದಯಪಾಲಿಸಲಿ.