ಎಂಜಲ ಗಾಳಿ

ನಮ್ಮ ಹೊಲದ ಮನೆಯ ತಾರಸಿಯ ಮೇಲೆ ಒಂದು ಕಿಲೋವ್ಯಾಟಿನ ಗಾಳಿಯಂತ್ರ ಕೂರಿಸಿದ ದಿನ ದೊಡ್ಡಪ್ಪ ಅಂಗಳದಲ್ಲಿ ನಿಂತು ಬಹಳ ಹೊತ್ತು ನೋಡಿದರು. ಅವರ ಕಣ್ಣು ಇದ್ದದ್ದು ಮನೆಯ ಪಡುವಣಕ್ಕಿರುವ ಹುಣಸೆಮರದ ಮೇಲೆ. ಆಮೇಲೆ ಅಂದರು: "ತಮ್ಮಾ, ಇಲ್ಲಿಗೆ ಬರೂದು ಎಂಜಲ ಗಾಳಿ. ಗಿಡ ಉಂಡು ಬಿಟ್ಟದ್ದು."

"ಹಂಗೇನಿಲ್ರಿ ದೊಡ್ಡಪ್ಪಾರ, ಗಾಳಿ ಅಂದ್ರ ಗಾಳಿ," ಅಂದೆ. ಕಪ್ಪತಗುಡ್ಡದ ನೆತ್ತಿಯ ಮೇಲೆ ಸಾಲುಸಾಲು ಫ್ಯಾನು ತಿರುಗುವ ಗದಗ ಸೀಮೆಯಲ್ಲಿ ಹುಟ್ಟಿದವನು ನಾನು. ಗಾಳಿ ಎಲ್ಲಿದ್ದರೂ ಗಾಳಿಯೇ ಎಂಬ ಭಂಡ ಧೈರ್ಯ.

ಮೊದಲ ತಿಂಗಳ ಲೆಕ್ಕ ಮೂರೂವರೆ ಯೂನಿಟ್. ರೆಕ್ಕೆ ತಿರುಗುತ್ತಿರಲಿಲ್ಲ ಎಂದಲ್ಲ, ತಿರುಗುತ್ತಿತ್ತು. ಆದರೆ ಯಾರು ಕೂಗಿದರೂ ಆ ಕಡೆ ಕತ್ತು ಹೊರಳಿಸುವ ಕೋಳಿಯ ಹಾಗೆ ಯಂತ್ರ ಗಳಿಗೆಗೊಮ್ಮೆ ಮೋರೆ ತಿರುಗಿಸುತ್ತಿತ್ತು, ತಿರುಗಿಸಿದಾಗಲೆಲ್ಲ ರೆಕ್ಕೆಯ ವೇಗ ಕುಸಿಯುತ್ತಿತ್ತು. ರಾತ್ರಿ ಅದರ ನಡುಕ ಕಂಬದಿಂದ ಸ್ಲ್ಯಾಬಿಗಿಳಿದು ಮನೆಯೆಲ್ಲ ಗುಂಯ್ ಎನ್ನುತ್ತಿತ್ತು. ಅಡಿಗೆಮನೆಯ ಅಟ್ಟದ ಮೇಲಿನ ಪಾತ್ರೆಗಳೂ ದನಿಗೂಡಿಸುತ್ತಿದ್ದವು.

ಮಾರಿದವರಿಗೆ ಫೋನ್ ಮಾಡಿ ಜಗಳ ತೆಗೆದೆ. ಅವರು ಶಾಂತವಾಗಿ ಪುಸ್ತಿಕೆ ನೋಡಲು ಹೇಳಿದರು. ನೋಡಿದೆ. 1000 ವ್ಯಾಟ್ ಎಂದು ಬರೆದಿದ್ದು ಸುಳ್ಳಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿ ಸೆಕೆಂಡಿಗೆ 12 ಮೀಟರ್ ಎಂದಿತ್ತು. ಅಂದರೆ ಗಂಟೆಗೆ 43 ಕಿಲೋಮೀಟರ್. ಅಂಥ ಗಾಳಿ ದಿನವಿಡೀ ಬೀಸುವ ಊರಿನಲ್ಲಿ ದನದ ಕೊಟ್ಟಿಗೆಯ ತಗಡು ಉಳಿಯುವುದಿಲ್ಲ. ಗಾಳಿಯ ಶಕ್ತಿ ಅದರ ವೇಗದ ಘನದ ಲೆಕ್ಕದಲ್ಲಿ ಏರಿಳಿಯುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು, ವೇಗ ಮೂರರಲ್ಲೊಂದಾದರೆ ಶಕ್ತಿ ಇಪ್ಪತ್ತೇಳರಲ್ಲೊಂದು. ಸೆಕೆಂಡಿಗೆ 4 ಮೀಟರಿನ ಗಾಳಿಗೆ ಲುಂಗಿಯ ಅಂಚು ಚೆನ್ನಾಗಿಯೇ ಹಾರಾಡುತ್ತದೆ, ನನ್ನ ಸಾವಿರ ವ್ಯಾಟಿನ ಯಂತ್ರ ಮಾತ್ರ ಆಗ ಕೊಡುವುದು 37 ವ್ಯಾಟ್. ಒಂದು ಟ್ಯೂಬ್‌ಲೈಟಿನ ಮಾತು.

ಈ ಪೆಟ್ಟು ತಿಂದವನು ನಾನೊಬ್ಬನೇ ಅಲ್ಲ. ಬ್ರಿಟನ್ನಿನಲ್ಲಿ 2007-08ರ ಸುಮಾರಿಗೆ 26 ಕಟ್ಟಡಗಳ ನೆತ್ತಿಯ ಮೇಲೆ ಕೂರಿಸಿದ ಸಣ್ಣ ಯಂತ್ರಗಳನ್ನು ಅಳೆದು ನೋಡಿದರು. ವಾರಿಕ್ ವಿಂಡ್ ಟ್ರಯಲ್ಸ್ ಎಂದು ಅದರ ಹೆಸರು. ಒಂದೊಂದು ಯಂತ್ರದಿಂದ ಸಿಕ್ಕ ಸರಾಸರಿ, ದಿನಕ್ಕೆ ಒಂದು ಯೂನಿಟ್ಟಿನ ಕಾಲುಭಾಗವೂ ಅಲ್ಲ. ತೀರಾ ಕೆಟ್ಟ ಜಾಗದಲ್ಲಿದ್ದದ್ದಂತೂ ತನ್ನೊಳಗಿನ ಎಲೆಕ್ಟ್ರಾನಿಕ್ಸ್ ತಿಂದಷ್ಟನ್ನೂ ದುಡಿಯಲಿಲ್ಲ. ಇದನ್ನು ಓದಿ ನನಗೆ ಸಮಾಧಾನವಾಯಿತು. ಇನ್ನೊಬ್ಬರ ನಷ್ಟದಿಂದ ಸಮಾಧಾನ ಸಿಗಬಾರದು, ಆದರೂ ಸಿಕ್ಕಿತು.

ಕಾರಹುಣ್ಣಿಮೆಯ ಹೊತ್ತಿಗೆ ತಮ್ಮನ ಮಗ ಗಾಳಿಪಟ ಹಾರಿಸಲು ತಾರಸಿ ಹತ್ತಿದ. ಪಟದ ದಾರಕ್ಕೆ ಹತ್ತು ಹತ್ತು ಅಡಿಗೊಂದರಂತೆ ಅವನ ತಂಗಿಯ ಹಳೆಯ ರಿಬ್ಬನ್ ತುಂಡುಗಳನ್ನು ನಾನು ಕಟ್ಟಿಸಿದೆ. ಕೆಳಗಿನ ಮೂರ್ನಾಲ್ಕು ರಿಬ್ಬನ್‌ಗಳು ಹುಚ್ಚು ಹಿಡಿದಂತೆ ಸುತ್ತಿ ದಾರಕ್ಕೇ ಗಂಟಾದವು. ಮಧ್ಯದವು ಎದ್ದು ಬಿದ್ದು ಮಾಡಿದವು. ಹುಣಸೆಮರದ ತುದಿಯಿಂದ ಬಹಳ ಮೇಲಿದ್ದವು ಮಾತ್ರ ಇಸ್ತ್ರಿ ಹಾಕಿದಂತೆ ಮೂಡಣಕ್ಕೆ ಚಾಚಿ ನಿಂತವು. ಕೆಳಗಿನ ಎಂಜಲು, ಮೇಲಿನ ಮಡಿ, ಎರಡೂ ಒಂದೇ ದಾರದಲ್ಲಿ ಕಂಡವು. ಒಂದು ಮರವೋ ಮನೆಯೋ ಕೆಡಿಸಿದ ಗಾಳಿ ಅದರ ಎತ್ತರದ ಎರಡು ಪಟ್ಟು ಮೇಲಕ್ಕೂ ಇಪ್ಪತ್ತು ಪಟ್ಟು ಹಿಂದಕ್ಕೂ ಹರಡಿರುತ್ತದೆ ಎಂದು ಬಲ್ಲವರು ಲೆಕ್ಕ ಹಿಡಿಯುತ್ತಾರೆ. ನಮ್ಮ ಹುಣಸೆ ನಲವತ್ತು ಅಡಿ. ಅದರ ಎಂಟುನೂರು ಅಡಿ ಎಂಜಲಿನೊಳಗೆ ನಾನು ಲಕ್ಷಕ್ಕೆ ಹತ್ತಿರದ ದುಡ್ಡು ನೆಟ್ಟಿದ್ದೆ.

ಮರ ಕಡಿಸಿಬಿಡಿ ಎಂದವರೂ ಇದ್ದರು. ಆ ಮಾತು ದೊಡ್ಡಪ್ಪನ ಕಿವಿಗೆ ಬೀಳದಂತೆ ನೋಡಿಕೊಂಡೆ.

ಅವರು ನನ್ನನ್ನು ಕಣಕ್ಕೆ ಕರೆದೊಯ್ದರು. ಮನೆಯಿಂದ ನೂರಿಪ್ಪತ್ತು ಮೀಟರ್ ಪಡುವಣಕ್ಕೆ, ಸ್ವಲ್ಪ ದಿಬ್ಬದ ಮೇಲೆ ಅದರ ಜಾಗ. ಈಗ ಒಕ್ಕಣೆಗೆಲ್ಲ ಮಷಿನ್ನೇ ಬರುವುದರಿಂದ ಕಣ ಹಾಳುಬಿದ್ದು ಕರಿಕೆ ಬೆಳೆದಿದೆ. ಹಿಂಗಾರಿ ಜೋಳ ರಾಶಿಯಾಗುವ ಕಾಲಕ್ಕೆ ಅವರಪ್ಪ ಇಲ್ಲಿ ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ಬುಟ್ಟಿಯಿಂದ ಕಾಳು ಸುರಿಯುತ್ತಿದ್ದರಂತೆ. ಗಾಳಿ ನೇರವಾಗಿದ್ದರೆ ಕಾಳು ಕಾಲಬುಡಕ್ಕೆ, ಹೊಟ್ಟು ಆಚೆಗೆ. ಗಾಳಿ ಸುಳಿದರೆ ಹೊಟ್ಟು ರಾಶಿಯ ಮೇಲೇ ಬಂದು ಕೂತು ದಿನದ ದುಡಿಮೆ ದಂಡ. "ಬಿರುಸು ಗಾಳಿ ಯಾರಿಗೆ ಬೇಕಾಗಿತ್ತೋ ತಮ್ಮಾ, ಕಾಳೂ ಹಾರಿ ಹೋಗ್ತಿತ್ತು. ಹದವಾಗಿ, ಒಂದ ದಿಕ್ಕಿಗೆ ಬೀಸಬೇಕು." ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಪೇಟೆಯಲ್ಲಿ ನಾವು ಸಮಯಸಾಧಕರ ಮಂತ್ರ ಮಾಡಿಕೊಂಡಿದ್ದೇವೆ. ತೂರುವವನು ಅದಕ್ಕೂ ಮೊದಲು ನಾಲ್ಕು ಕಡೆ ಅಲೆದು, ನಿಂತು, ಕಣದ ಜಾಗ ಆರಿಸಿರುತ್ತಿದ್ದ ಎಂಬುದು ಗಾದೆಯೊಳಗೆ ಇಲ್ಲ.

ಆ ಕಣದ ಅಂಚಿನಲ್ಲೇ ಅರವತ್ತು ಅಡಿಯ ಕಂಬ ನಿಲ್ಲಿಸಿದೆ. ಬುಡಕ್ಕೆ ಕೀಲು, ನಾಲ್ಕು ದಿಕ್ಕಿಗೆ ತಂತಿಯ ಬಿಗಿತ. ರಿಪೇರಿಗೆ ಬೇಕಾದಾಗ ಒಂಟೆ ಮಂಡಿಯೂರಿದಂತೆ ನೆಲಕ್ಕೆ ಮಲಗಿಸಬಹುದು. ಯಂತ್ರಕ್ಕಿಂತ ಕಂಬಕ್ಕೇ ಹೆಚ್ಚು ಖರ್ಚಾಯಿತು. ಈ ಬಾಬತ್ತು ಕೊಳ್ಳುವಾಗ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬಯಲಿನಲ್ಲಿ ಕೂಡ ಎತ್ತರವನ್ನು 10 ಮೀಟರಿನಿಂದ 20 ಮೀಟರಿಗೆ ಏರಿಸಿದರೆ ಗಾಳಿಯ ವೇಗ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಘನದ ಲೆಕ್ಕದಲ್ಲಿ ಅದು ಮೂರರಲ್ಲೊಂದು ಪಾಲು ಹೆಚ್ಚು ಶಕ್ತಿ.

ಮನೆ ದೂರವಾದಾಗ ತಂತಿಯ ಪ್ರಶ್ನೆ ಬಂತು. 240 ವ್ಯಾಟನ್ನು 24 ವೋಲ್ಟಿನಲ್ಲಿ, ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಮನೆ ಮುಟ್ಟಿಸಬೇಕಾದರೆ ಹೆಚ್ಚುಕಡಿಮೆ ಅರ್ಧ ದಾರಿಯಲ್ಲೇ ಬಿಸಿಯಾಗಿ ಸೋರುತ್ತದೆ. 48 ವೋಲ್ಟಿಗೆ ಏರಿಸಿದರೆ ಸೋರಿಕೆ ಕಾಲುಭಾಗಕ್ಕಿಳಿಯುತ್ತದೆ. ಬ್ಯಾಟರಿ ಜೋಡಣೆ ಬದಲಿಸಿದೆ, ಅಷ್ಟೇ.

ನನ್ನನ್ನು ಹೆಚ್ಚು ಕಾಡಿದ್ದು ದೊಡ್ಡಪ್ಪ ಕಂಬದ ಕೆಳಗೆ ನಿಂತು ಕೇಳಿದ ಪ್ರಶ್ನೆ: "ಮೂರ ರೆಕ್ಕಿ ಅದಾವಲ್ಲ, ನಡುವ ಅಷ್ಟು ಖಾಲಿ ಜಾಗ. ಗಾಳಿ ಎಲ್ಲಾ ಸೋರಿ ಹೋಗಂಗಿಲ್ಲೇನು?" ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಸೋರದಂತೆ ಪೂರ್ತಿ ಹಿಡಿದರೆ ಗಾಳಿ ರೆಕ್ಕೆಯ ಹಿಂದೆ ನಿಂತುಬಿಡುತ್ತದೆ, ನಿಂತ ಗಾಳಿ ಹಿಂದಿನಿಂದ ಬರುವುದಕ್ಕೆ ದಾರಿ ಬಿಡುವುದಿಲ್ಲ. ಜರ್ಮನಿಯ ಆಲ್ಬರ್ಟ್ ಬೆಟ್ಸ್ 1920ರಲ್ಲಿ ಇದರ ಲೆಕ್ಕ ಕಟ್ಟಿದ. ಬಂದ ಗಾಳಿ ತನ್ನ ವೇಗದ ಮೂರರಲ್ಲೊಂದು ಪಾಲನ್ನು ಇಟ್ಟುಕೊಂಡು ಆಚೆ ಹೋಗಬೇಕು, ಆಗಲೇ ನಮಗೆ ಸಿಗುವುದು ಅತಿ ಹೆಚ್ಚು. ಆ ಅತಿ ಹೆಚ್ಚು ಕೂಡ ನೂರಕ್ಕೆ 59.3. ನನ್ನಂಥವರ ಸಣ್ಣ ಯಂತ್ರ ಅದರ ಅರ್ಧ ಕೊಟ್ಟರೆ ಪುಣ್ಯ. ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹಿಂಡೂವಾಗ ಕರಕ್ಕ ಬಿಡೂದಿಲ್ಲೇನು, ಹಂಗ," ಅಂದರು.

ಮೊದಲ ವರ್ಷ ನಾನು ಕರುವಿಗೆ ಬಿಟ್ಟಿರಲಿಲ್ಲ. ಯಂತ್ರವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದ್ದೆ. ಗಾಳಿ ಏರಿದರೂ ರೆಕ್ಕೆ ವೇಗ ಪಡೆಯುತ್ತಿರಲಿಲ್ಲ, ಬ್ಯಾಟರಿಯ ವೋಲ್ಟೇಜು ಅದನ್ನು ಮೂಗುದಾರ ಹಿಡಿದು ಜಗ್ಗಿದಂತೆ ಜಗ್ಗುತ್ತಿತ್ತು. ಮೂರು ರೆಕ್ಕೆಯ ಯಂತ್ರ ಚೆನ್ನಾಗಿ ದುಡಿಯಬೇಕಾದರೆ ರೆಕ್ಕೆಯ ತುದಿ ಗಾಳಿಗಿಂತ ಐದಾರು ಪಟ್ಟು ಜೋರಾಗಿ ಓಡಬೇಕು. ಈಗಿನ ಕಂಟ್ರೋಲರ್ ಮೊದಲು ಅದನ್ನು ಓಡಲು ಬಿಡುತ್ತದೆ, ಓಟ ಹದಕ್ಕೆ ಬಂದ ಮೇಲೆ ಹೊರೆ ಹೊರಿಸುತ್ತದೆ. ಬಿರುಗಾಳಿ ಬಂದರೆ ಬಾಲ ಮಡಚಿಕೊಂಡು ಯಂತ್ರವೇ ಮೋರೆ ತಿರುವುತ್ತದೆ. ಅಷ್ಟು ಶಕ್ತಿ ಕಣ್ಣೆದುರೇ ಹಾದುಹೋಗುವುದನ್ನು ಕಂಡು ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಅಂಥ ಗಳಿಗೆಗಳು ವರ್ಷದಲ್ಲಿ ಎಷ್ಟು ಕಡಿಮೆ ಎಂದು ಮೀಟರ್ ತೋರಿಸಿದ ಮೇಲೆ ಉರಿ ತಣಿಯಿತು. ಗಳಿಕೆಯೆಲ್ಲ ನಡುಗಾಳಿಯದು. ಅದಕ್ಕೇ ಈಗ ಯಾರಾದರೂ ಸಲಹೆ ಕೇಳಿದರೆ, ವ್ಯಾಟ್ ಬಿಡಿ, ರೆಕ್ಕೆ ತಿರುಗುವ ಸುತ್ತಿನ ಅಗಲ ಎಷ್ಟು ಹೇಳಿ ಎನ್ನುತ್ತೇನೆ. ಆ ಸುತ್ತಿನ ವ್ಯಾಸ ಎರಡು ಮೀಟರಿನಿಂದ ಎರಡೂವರೆಗೆ ಏರಿದರೆ ಹಿಡಿಯುವ ಗಾಳಿ ಒಂದೂವರೆ ಪಟ್ಟಿಗೂ ಹೆಚ್ಚು.

ಕಣದ ಕಂಬ ಆಷಾಢದಲ್ಲಿ ದಿನಕ್ಕೆ ಎರಡೂವರೆ ಯೂನಿಟ್ ಕೊಡುತ್ತದೆ, ಒಮ್ಮೊಮ್ಮೆ ಮೂರು. ಮೋಡ ಕವಿದು ಸೋಲಾರ್ ಮಂಕಾಗುವ ದಿನಗಳೇ ಅವು. ಚೈತ್ರ ವೈಶಾಖದಲ್ಲಿ ಕಾಗೆಗಳು ಅದರ ಬಾಲದ ಮೇಲೆ ನಿಶ್ಚಿಂತೆಯಿಂದ ಕೂರುತ್ತವೆ.

ತಾರಸಿಯ ಮೇಲಿನ ಹಳೆಯ ಸ್ಟ್ಯಾಂಡನ್ನು ಕೀಳಿಸಲಿಲ್ಲ. ನನ್ನಾಕೆ ಅದಕ್ಕೂ ನೀರಿನ ಟ್ಯಾಂಕಿಗೂ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ. ನಿನ್ನೆ ಮಧ್ಯಾಹ್ನ ನೋಡಿದೆ: ಸೀರೆ ಮೂಡಣಕ್ಕೆ ಹಾರುತ್ತಿತ್ತು, ಅದರ ಪಕ್ಕದ ಟವೆಲ್ಲು ಪಡುವಣಕ್ಕೆ, ದೊಡ್ಡಪ್ಪನ ಧೋತರ ಯಾವ ಕಡೆಗೂ ಹೋಗಲಾಗದೆ ಹಗ್ಗಕ್ಕೇ ಸುತ್ತಿಕೊಂಡಿತ್ತು.