ಕಪಾಳಮೋಕ್ಷಕ್ಕೆ ಎಷ್ಟು?

ಅಂಗೈಯಿಂದ ಕೆನ್ನೆಗೆ ಬಾರಿಸಿದರೆ 200 ಝೂಝ್. ಅದೇ ಕೈಯನ್ನು ತಿರುಗಿಸಿ ಹಿಂಗೈಯಿಂದ ಬಾರಿಸಿದರೆ 400. ಸುಮಾರು ಕ್ರಿ.ಶ. 200ರ ಹೊತ್ತಿಗೆ ಗಲಿಲಾಯದಲ್ಲಿ ಯೆಹೂದ ಹ-ನಸಿ ಎಂಬ ಗುರು ಸಂಕಲಿಸಿದ ಮಿಷ್ನಾ ಎಂಬ ಯೆಹೂದಿ ಧರ್ಮಶಾಸ್ತ್ರದಲ್ಲಿ ಈ ದರಪಟ್ಟಿ ಇದೆ. 'ಬಾವಾ ಕಮ್ಮಾ', ಅಂದರೆ 'ಮೊದಲ ಬಾಗಿಲು' ಎಂಬ ಭಾಗದ ಎಂಟನೆಯ ಅಧ್ಯಾಯ. ಝೂಝ್ ಎಂದರೆ ಬೆಳ್ಳಿ ನಾಣ್ಯ. ನಮ್ಮ ಜೂಜಿಗೂ ಅದಕ್ಕೂ ನಂಟಿಲ್ಲ. ಕೈಯಲ್ಲಿ 200 ಝೂಝ್ ಇರುವವನು ಬಡವರಿಗೆಂದು ಹೊಲದಲ್ಲಿ ಬಿಟ್ಟ ತೆನೆ ಆಯಕೂಡದು ಎಂದು ಅದೇ ಮಿಷ್ನಾ ಇನ್ನೊಂದು ಕಡೆ ಹೇಳುತ್ತದೆ. ಅಷ್ಟಿದ್ದರೆ ವರ್ಷದ ಊಟ-ಬಟ್ಟೆ ಸಾಗುತ್ತದೆ ಎಂಬುದು ವ್ಯಾಖ್ಯಾನಕಾರರ ಲೆಕ್ಕ. ಆ ಲೆಕ್ಕದಲ್ಲಿ ಹಿಂಗೈ ಏಟಿಗೆ ಎರಡು ವರ್ಷದ ಅನ್ನ ತೆರಬೇಕು.

ಹಿಂಗೈ ಏಟು ಹೆಚ್ಚು ನೋಯುತ್ತದೆಯೇ? ಇಲ್ಲ, ಬೀಸಿ ಕೊಟ್ಟ ಅಂಗೈ ಏಟೇ ಉರಿಯುವುದು. ಕಡಿಮೆ ನೋಯುವ ಏಟಿಗೆ ಎರಡರಷ್ಟು ದಂಡ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಈ ಲೇಖನದ ಕೆಲಸ ಮುಗಿದಂತೆ. ಆದರೆ ಅಲ್ಲಿಗೆ ಹೋಗುವ ಮೊದಲು ದಾರಿಗೆ ಅಡ್ಡಬಿದ್ದಿರುವ ಒಂದು ಮರದ ದಿಮ್ಮಿಯನ್ನು ಸರಿಸಬೇಕು.

ಎಲ್ಲಾದರೂ ಘೋರ ಕೃತ್ಯ ನಡೆದ ಸಂಜೆ ಟಿವಿ ಹಾಕಿ ನೋಡಿ. ಚರ್ಚೆಗೆ ಕೂತವರಲ್ಲಿ ಒಬ್ಬರಾದರೂ ಮೇಜು ಗುದ್ದಿ 'ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು' ಎನ್ನುತ್ತಾರೆ. ಎದುರಿಗೆ ಕೂತವರು, ಹಾಗೆ ಮಾಡುತ್ತಾ ಹೋದರೆ ಲೋಕವೆಲ್ಲ ಕುರುಡಾದೀತು ಅಂತ ಗಾಂಧೀಜಿ ಹೇಳಿದ್ದಾರಲ್ಲ ಎನ್ನುತ್ತಾರೆ. (ಗಾಂಧೀಜಿಯ ಬರಹಗಳಲ್ಲಿ ಆ ಮಾತು ಸಿಕ್ಕಿಲ್ಲ. ಇರಲಿ.) ಜಗಳವಾಡುವ ಈ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಂದೇ: ಯೆಹೂದಿ ಧರ್ಮವೆಂದರೆ ಮುಯ್ಯಿಯ ಧರ್ಮ ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರಿಗೆ ಅದು ಇಷ್ಟ, ಇನ್ನೊಬ್ಬರಿಗೆ ಕಷ್ಟ.

ಮಾತೇನೋ ಯೆಹೂದಿಗಳ ಮೂಲಗ್ರಂಥವಾದ ತೋರಾದ್ದೇ. ವಿಮೋಚನಕಾಂಡ, ಯಾಜಕಕಾಂಡ, ಧರ್ಮೋಪದೇಶಕಾಂಡ, ಈ ಮೂರರಲ್ಲೂ ಬರುತ್ತದೆ. ಆದರೆ ಆ ಗ್ರಂಥವನ್ನು ತಲೆತಲಾಂತರದಿಂದ ಓದಿ, ಅದರ ಪ್ರಕಾರ ಬದುಕಬೇಕಾಗಿದ್ದ ಧರ್ಮಪಂಡಿತರು, ಅಂದರೆ ರಬ್ಬಿಗಳು, ಅದನ್ನು ಹೇಗೆ ಅರ್ಥ ಮಾಡಿಕೊಂಡರು ಎಂದು ಯಾರೂ ಕೇಳುವುದಿಲ್ಲ. ಅವರು ಓದಿದ್ದು ಹೀಗೆ: ಕಣ್ಣಿಗೆ ಕಣ್ಣು ಎಂದರೆ ಕಣ್ಣಿಗೆ ತಕ್ಕ ಹಣ. ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮೂದಿನಲ್ಲಿ ಇದರ ಮೇಲೆ ಪುಟಗಟ್ಟಲೆ ವಾದ ನಡೆದಿದೆ. ಒಬ್ಬನ ಕಣ್ಣು ದೊಡ್ಡದು, ಇನ್ನೊಬ್ಬನದು ಸಣ್ಣದು, ಸಮ ಹೇಗಾಯಿತು ಎಂದು ಒಬ್ಬ ರಬ್ಬಿ ಕೇಳುತ್ತಾನೆ. ಕುರುಡನೇ ಮತ್ತೊಬ್ಬನ ಕಣ್ಣು ಕಿತ್ತರೆ ಅವನಿಂದ ಏನು ಕೀಳುತ್ತೀರಿ ಎಂದು ಇನ್ನೊಬ್ಬ. ಕಣ್ಣು ಕೀಳುವಾಗ ಆಸಾಮಿ ಸತ್ತೇಹೋದರೆ ಕಣ್ಣಿಗೆ ಕಣ್ಣೂ ಪ್ರಾಣವೂ ತೆಗೆದುಕೊಂಡಂತಾಯಿತಲ್ಲ ಎಂದು ಮತ್ತೊಂದು ಪಂಥ. ತಮಾಷೆಯೆಂದರೆ ಈ ವಾದಗಳನ್ನು ಅವರೇ ಒಂದೊಂದಾಗಿ ಕೆಡವುತ್ತಾರೆ: ಕಣ್ಣಿನ ಗಾತ್ರ ಕಟ್ಟಿಕೊಂಡು ಏನಾಗಬೇಕು, ದೃಷ್ಟಿ ದೃಷ್ಟಿಯೇ ಅಲ್ಲವೇ? ಕೆಡವಿ, ಹೊಸದು ಹುಡುಕಿ, ಮತ್ತೆ ಕೆಡವುತ್ತಾರೆ. ತೀರ್ಮಾನ ಮೊದಲೇ ಆಗಿದೆ, ಕಾರಣ ಹುಡುಕಾಟ ಆಮೇಲೆ ನಡೆದಿದೆ ಎಂದು ಓದುವವರಿಗೆ ಅನುಮಾನ ಬಂದರೆ ತಪ್ಪಲ್ಲ. ನನಗೂ ಬಂದಿದೆ. ಅಕ್ಷರಶಃ ಕಣ್ಣೇ ಎಂದು ಹಟ ಹಿಡಿದ ರಬ್ಬಿ ಎಲಿಯೇಜರನ ಮಾತನ್ನೂ ಅಳಿಸದೆ ದಾಖಲಿಸಿದ್ದಾರೆ ಎನ್ನುವುದು ಅವರ ದೊಡ್ಡತನ.

ಹಣ ಎಂದಕೂಡಲೇ 'ಅಷ್ಟೇನಾ?' ಎಂದು ಮೂಗು ಮುರಿಯಬೇಡಿ. ಗಾಯ ಮಾಡಿದವನು ಐದು ಬಾಬ್ತುಗಳಲ್ಲಿ ತೆರಬೇಕು ಎನ್ನುತ್ತದೆ ಮಿಷ್ನಾ: ಅಂಗನಷ್ಟ, ನೋವು, ಚಿಕಿತ್ಸೆ, ಕೆಲಸ ತಪ್ಪಿದ್ದು, ಅವಮಾನ. ಅಂಗನಷ್ಟದ ಅಳತೆ ಓದುವಾಗ ಮುಜುಗರವಾಗುತ್ತದೆ. ಗಾಯಗೊಂಡವನನ್ನು ಸಂತೆಯಲ್ಲಿ ಮಾರಲು ನಿಲ್ಲಿಸಿದ ಗುಲಾಮನೆಂದು ಊಹಿಸಿಕೊಂಡು, ಏಟಿನ ಮುಂಚೆ ಎಷ್ಟಕ್ಕೆ ಹೋಗುತ್ತಿದ್ದ, ಈಗ ಎಷ್ಟಕ್ಕೆ ಹೋಗುತ್ತಾನೆ ಎಂದು ಕಳೆಯುತ್ತಾರೆ. ಗುಲಾಮಗಿರಿ ಕಣ್ಣೆದುರೇ ಇದ್ದ ಕಾಲದ ಅಂಕಗಣಿತ ಅದು. ನೋವಿನ ಉದಾಹರಣೆ ಹೆಚ್ಚು ನಾಜೂಕು: ಕಾದ ಕಬ್ಬಿಣದಿಂದ ಉಗುರಿನ ಮೇಲೆ ಸುಟ್ಟರೆ ಗಾಯವೂ ಆಗುವುದಿಲ್ಲ, ಕೆಲಸವೂ ಕೆಡುವುದಿಲ್ಲ, ಆದರೂ ನೋವಿನ ಬಾಕಿ ನಿಲ್ಲುತ್ತದೆ. ಕೈ ಹೋದವನಿಗೆ ಕೆಲಸ ತಪ್ಪಿದ ದಿನಗಳ ಕೂಲಿಯನ್ನು ಸೌತೆಕಾಯಿ ಹೊಲದ ಕಾವಲುಗಾರನ ದರದಲ್ಲಿ ಹಿಡಿಯುತ್ತಾರೆ. ಕೈಯ ಬೆಲೆಯನ್ನು ಮೊದಲೇ ಕೊಟ್ಟಾಗಿದೆ. ಕೈಯಿಲ್ಲದೆಯೂ ಮಾಡಬಲ್ಲ ಕೆಲಸದ ಕೂಲಿಯಷ್ಟೇ ಬಾಕಿ.

ಚಿಕಿತ್ಸೆಯ ವಿಷಯಕ್ಕೆ ಬಂದಾಗ ತಾಲ್ಮೂದು ನಮ್ಮ ಹಳ್ಳಿಕಟ್ಟೆಯ ಪಂಚಾಯಿತಿಯೇ ಆಗಿಬಿಡುತ್ತದೆ. ಹೊಡೆದವನು 'ನಾನೇ ಔಷಧಿ ಹಾಕ್ತೀನಿ' ಅಂದರೆ, 'ನೀನು ನನಗೆ ಹೊಂಚು ಹಾಕಿದ ಸಿಂಹದ ಹಾಗೆ ಕಾಣ್ತೀಯಪ್ಪ, ಬೇಡ' ಎನ್ನುವ ಹಕ್ಕು ಏಟು ತಿಂದವನಿಗಿದೆ. 'ಪುಕ್ಕಟೆ ನೋಡುವ ವೈದ್ಯ ಇದಾನೆ' ಅಂದರೆ, ಪುಕ್ಕಟೆ ವೈದ್ಯನ ಯೋಗ್ಯತೆಯೂ ಪುಕ್ಕಟೆಯದೇ ಎನ್ನಬಹುದು. ಹಾಗಂತ 'ದುಡ್ಡು ಕೊಟ್ಟುಬಿಡು, ನಾನೇ ನೋಡ್ಕೋತೀನಿ' ಎಂದು ಅವನು ಕೇಳುವಂತಿಲ್ಲ. 'ನೀನು ಗಾಯ ಅಸಡ್ಡೆ ಮಾಡಿ ಆಮೇಲೆ ಇನ್ನಷ್ಟು ಸುಲಿಯುತ್ತೀಯ' ಎಂದು ಹೊಡೆದವನು ತಕರಾರು ತೆಗೆಯಬಹುದು.

ಈ ಐದರಲ್ಲಿ ಮೊದಲ ನಾಲ್ಕು ನಮಗೆ ಹೊಸದಲ್ಲ. ನಮ್ಮ ಮೋಟಾರು ಅಪಘಾತ ನ್ಯಾಯಮಂಡಳಿಗಳ ಯಾವುದಾದರೂ ತೀರ್ಪು ತೆಗೆದು ನೋಡಿ: ಅಂಗವೈಕಲ್ಯದಿಂದ ಕಳೆದುಹೋಗುವ ದುಡಿಮೆ, ನೋವು-ಸಂಕಟ, ವೈದ್ಯಕೀಯ ಖರ್ಚು, ಮಲಗಿದ್ದ ದಿನಗಳ ಸಂಪಾದನೆ, ಒಂದೊಂದಕ್ಕೂ ಒಂದೊಂದು ಸಾಲು. ಐದನೆಯದರಲ್ಲೇ ಇರುವುದು ತತ್ತ್ವ.

ಅವಮಾನವನ್ನು ರಬ್ಬಿಗಳು ನೋವಿನ ತಂಗಿ ಎಂದು ಬಗೆಯಲಿಲ್ಲ. ಎರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿಟ್ಟರು. ಮಾಳಿಗೆಯಿಂದ ಕಾಲು ಜಾರಿ ಯಾರದೋ ಮೈಮೇಲೆ ಬಿದ್ದವನು ಪೆಟ್ಟಿಗೆ ಕೊಡಬೇಕು, ಅವಮಾನಕ್ಕೆ ಕೊಡಬೇಕಿಲ್ಲ, ಯಾಕೆಂದರೆ ಅವಮಾನಕ್ಕೆ ಉದ್ದೇಶ ಬೇಕು. ಬರೀ ದೇಹ ದೇಹಕ್ಕೆ ತಾಗಿದರೆ ನೋವು ಹುಟ್ಟೀತು. ಒಂದು ಮನಸ್ಸು ಇನ್ನೊಂದನ್ನು ಕೀಳುಗಾಣದೆ ಅವಮಾನ ಹುಟ್ಟದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪನ ವಯಸ್ಸಿನವರನ್ನು ಕಚೇರಿಯ ಚಿಕ್ಕ ಸಾಹೇಬ ಏಕವಚನದಲ್ಲಿ ಕರೆದಾಗ ಎಲ್ಲಿ ಗಾಯವಾಯಿತು? ಊರ ಹೋಟೆಲಿನಲ್ಲಿ ಒಬ್ಬನಿಗೆ ಮಾತ್ರ ಹೊರಗೆ ಬೇರೆ ಲೋಟದಲ್ಲಿ ಟೀ ಕೊಟ್ಟಾಗ ಟೀ ಅದೇ, ಬಿಸಿಯೂ ಅಷ್ಟೇ. ನಾಲ್ಕು ಬಾಬ್ತುಗಳಲ್ಲಿ ಸೊನ್ನೆ. ಐದನೆಯದರಲ್ಲಿ ತೀರದ ಬಾಕಿ. ಮಂದಿಯ ಮುಂದೆ ಒಬ್ಬರ ಮುಖ ಬಿಳಚುವಂತೆ ಮಾಡಿದವನು ಕೊಲೆ ಮಾಡಿದವನಿಗೆ ಸಮ ಎಂದು ತಾಲ್ಮೂದಿನಲ್ಲಿ ಬರುತ್ತದೆ. ಹೌದು, ಕೆಂಪು ಹೋಗಿ ಬಿಳುಪು ಬರುವುದನ್ನು ಕಂಡಿದ್ದೇನೆ ಎಂದು ಅಲ್ಲೇ ಒಬ್ಬ ಪಂಡಿತ ತಲೆಯಾಡಿಸುತ್ತಾನೆ. ರಕ್ತ ಹರಿಸಿದ್ದಕ್ಕೆ ಅವನು ಕೊಡುವ ಸಾಕ್ಷ್ಯ ಅದು.

ಈಗ ಹಿಂಗೈಗೆ ಬರೋಣ. ಸಿಟ್ಟು ಬಂದವನು ಅಂಗೈಯಿಂದ ಹೊಡೆಯುತ್ತಾನೆ. ಎದುರಿನವನು ಸಿಟ್ಟಿಗೂ ಲಾಯಕ್ಕಲ್ಲ ಎಂದುಕೊಂಡವನು ನೊಣ ಓಡಿಸಿದಂತೆ ಹಿಂಗೈ ಬೀಸುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ, ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ಒಡ್ಡು ಎನ್ನುವಾಗ ಯೇಸು ಹೇಳುವುದು ಬರೀ ಕೆನ್ನೆಯಲ್ಲ, ಬಲಗೆನ್ನೆ. ಬಲಗೈಯವನು ಎದುರು ನಿಂತು ಬಲಗೆನ್ನೆಗೆ ಹೊಡೆಯಬೇಕಾದರೆ ಹಿಂಗೈಯೇ ಬೇಕು. 400 ಝೂಝ್‌ಗಳ ಪಟ್ಟಿಯಲ್ಲಿ ಕಿವಿ ಹಿಂಡುವುದು, ಕೂದಲು ಕೀಳುವುದು, ಮೈಗೆ ತಾಗುವಂತೆ ಉಗಿಯುವುದು, ಮೇಲುಹೊದಿಕೆ ಎಳೆಯುವುದು, ಬೀದಿಯಲ್ಲಿ ಹೆಂಗಸಿನ ತಲೆಯ ಮುಸುಕು ತೆಗೆಯುವುದೂ ಇವೆ. ಉಗುಳಿನಿಂದ ಯಾರಿಗೆ ನೋವಾದೀತು?

ಆ ಕೊನೆಯ ಬಾಬ್ತಿಗೆ ಮಿಷ್ನಾ ಒಂದು ಮೊಕದ್ದಮೆ ಹೇಳುತ್ತದೆ. ನನಗೆ ತತ್ತ್ವಶಾಸ್ತ್ರದ ಹೊತ್ತಗೆಗಳೆಲ್ಲಕ್ಕಿಂತ ಅದೇ ಪ್ರಿಯ. ಒಬ್ಬ ಬೀದಿಯಲ್ಲಿ ಒಬ್ಬ ಹೆಂಗಸಿನ ಮುಸುಕು ಸರಿಸಿದ. ಅವಳು ರಬ್ಬಿ ಅಕೀವನ ಮುಂದೆ ದೂರು ಕೊಟ್ಟಳು, ಅವನು 400 ಝೂಝ್ ವಿಧಿಸಿದ. ಆಸಾಮಿ ಕಾಲಾವಕಾಶ ಕೇಳಿದ, ಅಕೀವ ಕೊಟ್ಟ. ಆ ಅವಧಿಯಲ್ಲಿ ಇವನು ದುಡ್ಡು ಹೊಂದಿಸಲಿಲ್ಲ. ಅವಳು ಮನೆ ಅಂಗಳದ ಬಾಗಿಲಲ್ಲಿ ನಿಲ್ಲುವುದನ್ನೇ ಕಾದಿದ್ದು, ಅವಳ ಮುಂದೆ ಒಂದು ಎಣ್ಣೆ ಗಡಿಗೆ ಒಡೆದ. ಅದರಲ್ಲಿದ್ದದ್ದು ಒಂದು ಇಸ್ಸಾರಿನ ಎಣ್ಣೆ. 24 ಇಸ್ಸಾರು ಸೇರಿದರೆ ಒಂದು ಝೂಝ್. ಎಣ್ಣೆ ನೆಲದ ಪಾಲಾಗುವುದನ್ನು ಕಂಡು ಅವಳು ತಾನೇ ಮುಸುಕು ತೆಗೆದು, ಕೈಯಲ್ಲಿ ಬಳಿದು ಬಳಿದು ತಲೆಗೆ ತಟ್ಟಿಕೊಂಡಳು. ಇವನು ಮೊದಲೇ ನಿಲ್ಲಿಸಿದ್ದ ಸಾಕ್ಷಿಗಳನ್ನು ಕರೆದುಕೊಂಡು ಅಕೀವನ ಬಳಿಗೆ ಓಡಿದ: ಇಂಥವಳಿಗೆ ನಾನು 400 ಕೊಡಬೇಕೇ?

ಲೆಕ್ಕ ಮಾಡಿ. 400 ಝೂಝ್ ಎಂದರೆ 9,600 ಇಸ್ಸಾರು. ಒಂದು ಇಸ್ಸಾರಿಗೆ ತಾನೇ ಬಿಟ್ಟುಕೊಟ್ಟ ಮಾನಕ್ಕೆ 9,600 ಯಾಕೆ ಎಂದು ಅವನ ವಾದ. ಬಲವಾದ ವಾದವೇ. ಇವತ್ತೂ ಅದು ಸಾಯದೆ ಓಡಾಡುತ್ತಿದೆ: ಅವಳೇ ಫೋಟೊ ಹಾಕಿಕೊಂಡಿದ್ದಳಲ್ಲ, ಅವನೇ ತನ್ನ ಜಾತಿ ಬಗ್ಗೆ ತಮಾಷೆ ಮಾಡಿಕೊಳ್ಳುತ್ತಾನಲ್ಲ, ನಾವು ಅಂದರೆ ತಪ್ಪೇ?

ಅಕೀವ ಒಪ್ಪಲಿಲ್ಲ. ನೀನು ಹೇಳಿದ್ದು ಏನೂ ಅಲ್ಲ ಎಂದ. ತನಗೆ ತಾನೇ ಗಾಯ ಮಾಡಿಕೊಳ್ಳುವವನು ತಪ್ಪು ಮಾಡುತ್ತಾನೆ, ಆದರೆ ದಂಡ ಕೊಡಬೇಕಿಲ್ಲ. ಬೇರೆಯವರು ಅವನಿಗೆ ಗಾಯ ಮಾಡಿದರೆ ಕೊಡಲೇಬೇಕು. ತನ್ನ ಗಿಡವನ್ನು ತಾನೇ ಕಡಿದವನ ತೋಟಕ್ಕೆ ನೀನು ನುಗ್ಗಿ ಕಡಿಯುವಂತಿಲ್ಲ.

ಇಲ್ಲಿ ನಿಧಾನಿಸಬೇಕು. ಗಡಿಗೆ ಒಡೆದವನು ಮಾನವನ್ನು ಒಡವೆಯಂತೆ ಎಣಿಸಿದ್ದ. ಒಡವೆಯಾದರೆ ಒಡೆಯಳೇ ಅಗ್ಗಕ್ಕೆ ಮಾರಿದ ಮೇಲೆ ಮಾರುಕಟ್ಟೆ ದರ ಬಿದ್ದಂತೆ. ಅಕೀವನ ಲೆಕ್ಕದಲ್ಲಿ ಮಾನವೆಂಬುದು ಬೇರೆಯವರು ನನಗೆ ಕೊಡಬೇಕಾದ ಬಾಕಿ. ನಾನು ಹರಿದ ಬಟ್ಟೆ ತೊಟ್ಟರೂ, ಒಂದು ಕಾಸಿನ ಎಣ್ಣೆಗೆ ನೆಲಕ್ಕೆ ಬಾಗಿದರೂ, ನಿನ್ನ ಬಾಕಿ ಇಳಿಯುವುದಿಲ್ಲ. ಈ ಕಥೆಗೆ ಮುಂಚೆ ಮಿಷ್ನಾದಲ್ಲಿ ಒಂದು ಸಾಲು ಬರುತ್ತದೆ: ಅವಮಾನದ ದಂಡ ಅವರವರ ಅಂತಸ್ತಿಗೆ ತಕ್ಕಂತೆ. ಅದಕ್ಕೆ ಅಡ್ಡ ಬಂದವನೂ ಅಕೀವನೇ. ಇಸ್ರಾಯೇಲಿನ ಕಡುಬಡವನನ್ನೂ ಆಸ್ತಿ ಕಳೆದುಕೊಂಡ ಕುಲೀನನಂತೆ ನೋಡಬೇಕು, ಎಲ್ಲರೂ ಅಬ್ರಹಾಮ, ಇಸಾಕ, ಯಾಕೋಬರ ಮಕ್ಕಳು ಎಂದ. ಎಣ್ಣೆ ಬಳಿದ ಕೈ ಅವಳ ಬಡತನವನ್ನು ತೋರಿಸಿತು, ಅಷ್ಟೇ.

ಆದರೆ ಇದೇ ಅಧ್ಯಾಯದಲ್ಲಿ ರಬ್ಬಿ ಯೆಹೂದ (ಸಂಕಲನಕಾರನಲ್ಲ, ಬೇರೊಬ್ಬ) ಗುಲಾಮರಿಗೆ ಅವಮಾನದ ಬಾಬ್ತಿಲ್ಲ ಎನ್ನುತ್ತಾನೆ. ಅಕೀವನ ಸಮಾನತೆಯೂ ಅಬ್ರಹಾಮನ ವಂಶದ ಬೇಲಿಯೊಳಗಿನದು. ಅದನ್ನು ಮುಚ್ಚಿಡುವುದು ಬೇಡ.

ಇನ್ನು, ದಂಡದ ಮಾತು ಬಂದಮೇಲೆ ಬಿಡಲಾಗದ ತತ್ತ್ವಜ್ಞಾನಿ ಕಾಂಟ್. ಈ ಜರ್ಮನ್ ಮಹಾಶಯನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. 1793ರ ತನ್ನ ಧರ್ಮವಿಚಾರದ ಪುಸ್ತಕದಲ್ಲಿ ಅವನು ಯೆಹೂದಿ ಧರ್ಮವನ್ನು ಬರೀ ಕಟ್ಟಳೆಗಳ ಕಂತೆ, ಧರ್ಮವೇ ಅಲ್ಲ ಎಂದು ತಳ್ಳಿಹಾಕಿದ. ನಾಲ್ಕು ವರ್ಷ ಬಿಟ್ಟು, 1797ರಲ್ಲಿ, ಶಿಕ್ಷೆಯ ತತ್ತ್ವ ಬರೆಯಲು ಕೂತಾಗ ಅವನು ಆರಿಸಿಕೊಂಡದ್ದು ಯಾವುದನ್ನು? ಕಣ್ಣಿಗೆ ಕಣ್ಣನ್ನೇ. ದ್ವೀಪವೊಂದರ ಜನ ಸಮಾಜವನ್ನೇ ವಿಸರ್ಜಿಸಿ ದಿಕ್ಕುದಿಕ್ಕಿಗೆ ಹೊರಟರೂ, ಹೊರಡುವ ಮೊದಲು ಸೆರೆಯಲ್ಲಿರುವ ಕೊನೆಯ ಕೊಲೆಗಾರನನ್ನು ಗಲ್ಲಿಗೇರಿಸಿಯೇ ಹೊರಡಬೇಕಂತೆ. ರಬ್ಬಿಗಳು ಸಾವಿರದ ಐನೂರಕ್ಕೂ ಹೆಚ್ಚು ವರ್ಷ ಮುಂಚೆ ಬಿಟ್ಟುಬಂದ ಬೀದಿಯಲ್ಲಿ ಈತ ಮನೆ ಕಟ್ಟಿದ.

ಆದರೆ ಅವನ ಒಂದು ಆಕ್ಷೇಪಕ್ಕೆ ಉತ್ತರಿಸದೆ ಹೋಗುವಂತಿಲ್ಲ. ಬೈಗುಳಕ್ಕೆ ದುಡ್ಡಿನ ದಂಡ ಹಾಕಿದರೆ ಹಣವಂತ ಮೋಜಿಗೆಂದು ಬೈಯುತ್ತಾನೆ ಎಂದ ಕಾಂಟ್. ರೋಮಿನ ಔಲಸ್ ಗೆಲ್ಲಿಯಸ್ ಬರೆದ ಒಂದು ಪ್ರಸಂಗ ಇದಕ್ಕೆ ಪುಷ್ಟಿ ಕೊಡುತ್ತದೆ: ಹಳೆಯ ಕಾನೂನಿನಲ್ಲಿ ಏಟಿನ ದಂಡ 25 ತಾಮ್ರದ ನಾಣ್ಯ, ಲೂಸಿಯಸ್ ವೆರಾಟಿಯಸ್ ಎಂಬ ಧನಿಕ ಬೀದಿಯಲ್ಲಿ ಕಂಡವರ ಕಪಾಳಕ್ಕೆ ಬಾರಿಸುತ್ತಾ ಹೋಗುವನು, ಹಿಂದೆ ಚೀಲ ಹಿಡಿದ ಗುಲಾಮ 25 ಎಣಿಸುತ್ತಾ ಬರುವನು. ಹಾಗಾಗದಿರಲಿ ಎಂದೇ ಮಿಷ್ನಾ ಹಿಂಗೈ ಏಟಿಗೆ ಎರಡು ವರ್ಷದ ಅನ್ನ ಕೇಳಿತು ಎಂದು ನಾನು ಹೇಳಬಲ್ಲೆ, ಆದರೆ ಕೋಟ್ಯಧೀಶನಿಗೆ ಅದೂ ಚಿಲ್ಲರೆ.

ನಿಜವಾದ ಉತ್ತರ ಎಣ್ಣೆ ಗಡಿಗೆಯ ಮುಂದಿನ ಸಾಲಿನಲ್ಲಿದೆ. ಐದೂ ಬಾಬ್ತು ಕೊಟ್ಟು ಮುಗಿಸಿದರೂ, ಏಟು ತಿಂದವನ ಬಳಿ ಹೋಗಿ ಕ್ಷಮೆ ಕೇಳುವ ತನಕ ಹೊಡೆದವನಿಗೆ ಕ್ಷಮೆಯಿಲ್ಲ. ದೇವರೂ ಕೊಡಲಾರ, ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತ ದಿನದ ಉಪವಾಸ ಮನುಷ್ಯರ ನಡುವಿನ ತಪ್ಪನ್ನು ತೊಳೆಯುವುದಿಲ್ಲ ಎಂದು ಮಿಷ್ನಾ ಇನ್ನೊಂದೆಡೆ ಖಂಡಿತವಾಗಿ ಹೇಳಿದೆ. ಏಟು ತಿಂದವನು ಮುಖ ತಿರುಗಿಸಿದರೆ ಗೆಳೆಯರನ್ನು ಕರೆದುಕೊಂಡು ಮತ್ತೆ ಹೋಗಬೇಕು, ಮೂರು ಸಲ, ಎಂದು 12ನೇ ಶತಮಾನದಲ್ಲಿ ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೊನಿದೀಸ್ ವಿಧಿಸಿದ. ಚೀಲ ಹಿಡಿದ ಗುಲಾಮನನ್ನು ಆ ಕೆಲಸಕ್ಕೆ ಕಳಿಸಲಾಗದು. ಕಾಂಟ್ ಕೂಡ, ಹಣವಂತ ಬಹಿರಂಗವಾಗಿ ಕ್ಷಮೆ ಕೇಳಲಿ, ಕೆಳಗಿನವನ ಕೈಗೆ ಮುತ್ತಿಡಲಿ ಎಂದ. ತಾನು ಹೀಗಳೆದ ಕಟ್ಟಳೆಗಳ ಕಂತೆಯಲ್ಲಿ ಅದು ಮೊದಲೇ ಇತ್ತೆಂದು ಅವನಿಗೆ ಹೊಳೆಯಲಿಲ್ಲ.

ಆ ಹೆಂಗಸಿನ ಹೆಸರು ಮಿಷ್ನಾದಲ್ಲಿಲ್ಲ, ಗಡಿಗೆ ಒಡೆದವನ ಹೆಸರೂ ಇಲ್ಲ. ಮುಂದಿನ ಸಲ ಟಿವಿಯಲ್ಲಿ ಯಾರಾದರೂ 'ಕಣ್ಣಿಗೆ ಕಣ್ಣು' ಎಂದು ಮೇಜು ಗುದ್ದಿದರೆ, ಐದನೆಯ ಬಾಬ್ತು ಯಾವುದು ಸ್ವಾಮಿ ಎಂದು ಕೇಳಿ.