ಮುಗಿಸಿದ ಮೇಲೆ ಉಳಿದದ್ದೇನು?

ಭದ್ರಾವತಿಯ ಕಾಗದನಗರಕ್ಕೆ ಆ ಹೆಸರು ಬಂದದ್ದು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದ. ಜನರ ಬಾಯಲ್ಲಿ ಅದು ಎಂಪಿಎಂ. ಮಲೆನಾಡಿನ ಬಿದಿರು, ನೀಲಗಿರಿ ಇಲ್ಲಿ ತಿರುಳಾಗಿ, ಸುರುಳಿಯಾಗಿ, ಬರೆಯುವ ಕಾಗದವೂ ಪತ್ರಿಕಾ ಕಾಗದವೂ ಆಗಿ ಹೊರಬಂದವು. ಅದರ ಮೇಲೆ ಪಠ್ಯಪುಸ್ತಕ ಅಚ್ಚಾಗುತ್ತದೋ, ಪತ್ತೇದಾರಿ ಕಾದಂಬರಿಯೋ, ಜಪದ ಪುಸ್ತಕವೋ ಎಂಬುದು ಕಾರ್ಖಾನೆಯ ಚಿಂತೆಯಾಗಿರಲಿಲ್ಲ. ಅದು ಓದುವವರ ಚಿಂತೆ. 2015ರಲ್ಲಿ ಉತ್ಪಾದನೆ ನಿಂತಿತು. ಓದುವವರ ಚಿಂತೆ ನಿಲ್ಲಲಿಲ್ಲ, ದೊಡ್ಡದಾಯಿತು. ಈಗ ಏನಾದರೂ ಹೊರಬರಲು ಕಾಗದವೂ ಬೇಕಿಲ್ಲವಲ್ಲ.

ಈ ಊರಿನ ಕ್ರೈಸ್ತರ ಮನೆಗಳನ್ನೇ ನೋಡಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಸೇರಿ ತಮಿಳು, ತೆಲುಗು, ಮಲಯಾಳ ಮಾತಾಡುವವರನ್ನು ಇಲ್ಲಿಗೆ ಕರೆತಂದವು. ಕರಾವಳಿಯಿಂದ ಬಂದ ಕೊಂಕಣಿಗರೂ ಇದ್ದಾರೆ. 1988ರಲ್ಲಿ ಶಿವಮೊಗ್ಗ ಕ್ಯಾಥೋಲಿಕ್ ಧರ್ಮಕ್ಷೇತ್ರವಾಯಿತು. 2007ರಲ್ಲಿ ಸಿರೋ ಮಲಬಾರ್ ಸಂಪ್ರದಾಯದವರಿಗೆ ಭದ್ರಾವತಿಯೇ ಧರ್ಮಕ್ಷೇತ್ರವಾಯಿತು. ಜೊತೆಗೆ ಪ್ರಾಟೆಸ್ಟೆಂಟ್ ಸಭೆಗಳು, ಪೆಂಟೆಕೋಸ್ಟಲ್ ಸಭೆಗಳು. ಹೀಗಾಗಿ ಒಂದೇ ಮನೆಯ ಒಂದೇ ಫೋನಿನಲ್ಲಿ ಅಜ್ಜಿಯ ತಮಿಳು ಗೀತೆ, ಅಪ್ಪನ ಕನ್ನಡ ಭಜನೆ, ಮಗಳ ಇಂಗ್ಲಿಷ್ ಬ್ಯಾಂಡು, ಎಲ್ಲಿಂದಲೋ ಬಂದ ಪ್ರಸಂಗದ ತುಣುಕು, ಹತ್ತು ಜನರಿಗೆ ಕಳಿಸದಿದ್ದರೆ ಆಶೀರ್ವಾದ ತಪ್ಪುತ್ತದೆ ಎಂದು ಹೆದರಿಸುವ ವಾಟ್ಸಾಪ್ ಸಂದೇಶ. ಎಲ್ಲದರ ಮೇಲೂ ಯೇಸುವಿನ ಹೆಸರಿದೆ. ಹೆಸರಿದೆಯೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ ಎಂಬುದು ಅಜ್ಜಿಗೂ ಗೊತ್ತು, ಮಗಳಿಗೂ ಗೊತ್ತು. ಗೊತ್ತಿಲ್ಲದ್ದು, ಬೇರೆಯಾಗಿ ಗುರುತಿಸುವುದು ಹೇಗೆಂಬುದು.

ಕ್ರೈಸ್ತ ಪರಂಪರೆ ಇದನ್ನು ಆತ್ಮಗಳ ವಿವೇಚನೆ ಎನ್ನುತ್ತದೆ. ಬೈಬಲಿನಲ್ಲಿ ಪೌಲ ಥೆಸಲೋನಿಕದವರಿಗೆ ಬರೆದ ಪತ್ರದಲ್ಲೂ ಯೋಹಾನನ ಪತ್ರದಲ್ಲೂ ಇದರ ಬೇರಿದೆ: ಕಂಡದ್ದನ್ನೆಲ್ಲ ನಂಬಬೇಡಿ, ಒರೆಗೆ ಹಚ್ಚಿ. ಆದರೆ ಒರೆಗಲ್ಲು ಯಾವುದು? ಬಹಳ ಜನ ಪಟ್ಟಿಯನ್ನೇ ಒರೆಗಲ್ಲು ಎಂದುಕೊಂಡಿದ್ದಾರೆ: ಇದು ಕ್ರೈಸ್ತ ಹಾಡು, ಇದು ಲೋಕದ ಹಾಡು, ಇದನ್ನು ಓದಬಹುದು, ಅದನ್ನು ಮುಟ್ಟಬಾರದು. ಪಟ್ಟಿಯಿಂದ ಶುರುವಾದದ್ದಲ್ಲ ಈ ವಿಚಾರ. ಅದು ನಿಯಮಗಳ ರೂಪ ಪಡೆದದ್ದು ಬೇಕಾದ ಪುಸ್ತಕ ಸಿಗದ ಒಬ್ಬ ಸಿಪಾಯಿಯಿಂದ.

1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫ್ರೆಂಚರ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸ್ ಲೊಯೊಲ ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಕಳೆಯಲು ಅವರು ಕೇಳಿದ್ದು ವೀರರ ಸಾಹಸ, ಪ್ರೇಮದ ಕಥೆಗಳನ್ನು. ಅವರು ಮಲಗಿದ್ದ ಮನೆಯಲ್ಲಿ ಅಂಥದ್ದೊಂದೂ ಇರಲಿಲ್ಲ. ಸಿಕ್ಕಿದ್ದು ಸ್ಯಾಕ್ಸನಿಯ ಲುಡಾಲ್ಫ್ ಬರೆದ ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳ ಒಂದು ಸಂಗ್ರಹ. ಬೇರೆ ಗತಿಯಿಲ್ಲದೆ ಓದಿದರು. ಓದು ನಿಲ್ಲಿಸಿದಾಗ ಮನಸ್ಸು ಎರಡು ಕಡೆ ಹೋಗುತ್ತಿತ್ತು. ಒಮ್ಮೆ ದೊಡ್ಡ ಮನೆತನದ ಒಬ್ಬ ಹೆಣ್ಣಿನ ಮುಂದೆ ತಾನು ತೋರುವ ಪರಾಕ್ರಮದ ಕನಸು. ಇನ್ನೊಮ್ಮೆ, ಫ್ರಾನ್ಸಿಸ್, ಡೊಮಿನಿಕ್‌ರಂಥ ಸಂತರು ಮಾಡಿದ್ದನ್ನು ನಾನೇಕೆ ಮಾಡಬಾರದು ಎಂಬ ಹಂಬಲ. ಎರಡೂ ಕನಸು ಕಾಣುವಾಗ ಹಿತವೇ. ವ್ಯತ್ಯಾಸ ಆಮೇಲೆ. ಮೊದಲನೆಯದು ಮುಗಿದಾಗ ಮನಸ್ಸು ಒಣಗಿ, ಬೇಸರ ಕವಿಯುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಹಾಗೇ ನಿಲ್ಲುತ್ತಿತ್ತು. ಇದನ್ನು ಗಮನಿಸಲು ಅವರಿಗೆ ಬಹಳ ದಿನ ಬೇಕಾಯಿತು. ಗಮನಿಸಿದ ಮೇಲೆ, ನುಣುಪಾದ ಕಾಗದದ ಮೇಲೆ ಕ್ರಿಸ್ತನ ಮಾತುಗಳನ್ನು ಕೆಂಪು ಶಾಯಿಯಲ್ಲೂ ಮರಿಯಮ್ಮನ ಮಾತುಗಳನ್ನು ನೀಲಿಯಲ್ಲೂ ಬರೆದುಕೊಳ್ಳುತ್ತ ಸುಮಾರು 300 ಪುಟ ತುಂಬಿಸಿದರು.

ಹಾಸಿಗೆಯ ಮೇಲಿನ ಈ ಅನುಭವ ಮುಂದೆ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯ ನಿಯಮಗಳಾಗಿ ಬೆಳೆಯಿತು. 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಪಡೆದ ಈ ಕೈಪಿಡಿಯೇ ಇಗ್ನೇಷಿಯಸ್ ಕಟ್ಟಿದ ಯೇಸುಸಭೆಯವರಿಗೆ ಇಂದಿಗೂ ಆಧಾರ. 2014ರಲ್ಲಿ ಶಿವಮೊಗ್ಗದ ಧರ್ಮಾಧ್ಯಕ್ಷರಾಗಿ ನೇಮಕವಾದ ಫ್ರಾನ್ಸಿಸ್ ಸೆರಾವೊ ಅವರೂ ಯೇಸುಸಭೆಯವರೇ ಆದ್ದರಿಂದ ಈ ಪರಂಪರೆ ನಮಗೆ ಸ್ಪೇನಿನಷ್ಟು ದೂರದ್ದೇನಲ್ಲ.

ಕೈಪಿಡಿಯ ಒಂದು ನಿಯಮ ನಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಒಂದು ವಿಚಾರದ ಆದಿ, ಮಧ್ಯ, ಅಂತ್ಯ ಮೂರನ್ನೂ ನೋಡಿ. ಮೂರೂ ಒಳಿತಿನ ಕಡೆಗಿದ್ದರೆ ಸರಿ. ಆದಿ ಎಷ್ಟೇ ಪವಿತ್ರವಾಗಿದ್ದರೂ ಅಂತ್ಯದಲ್ಲಿ ಮನಸ್ಸು ಮೊದಲಿಗಿಂತ ಕುಗ್ಗಿದ್ದರೆ, ಕದಡಿದ್ದರೆ, ಮೊದಲು ಹಿಡಿದಿದ್ದ ಒಳಿತಿಗಿಂತ ಕಡಿಮೆಯದಕ್ಕೆ ಇಳಿದಿದ್ದರೆ, ಅದರ ಮೂಲವನ್ನು ಅನುಮಾನಿಸಬೇಕು. ದೇವರ ಕಡೆ ಹೊರಟವರ ಬಳಿಗೆ ಕೆಡುಕು ಕೆಡುಕಿನ ವೇಷದಲ್ಲಿ ಬರುವುದಿಲ್ಲ, ಬೆಳಕಿನ ದೂತನ ವೇಷದಲ್ಲಿ ಬರುತ್ತದೆ ಎಂಬುದು ಇಗ್ನೇಷಿಯಸ್ ಅವರ ಎಚ್ಚರಿಕೆ. ಕಠೋಪನಿಷತ್ತಿನ ಶ್ರೇಯಸ್ಸು, ಪ್ರೇಯಸ್ಸುಗಳ ಭೇದ ನಮಗೆ ಪರಿಚಿತ: ಒಂದು ಹಿತ, ಇನ್ನೊಂದು ಪ್ರಿಯ. ಇಲ್ಲಿನ ತೊಡಕು ಅದಕ್ಕಿಂತ ಒಂದು ಸುತ್ತು ಹೆಚ್ಚು. ಎರಡೂ ಶ್ರೇಯಸ್ಸಿನ ಮುಖ ಹೊತ್ತು ಬಂದಾಗ ಯಾವುದನ್ನು ಹಿಡಿಯುವುದು?

ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಕಾರ್ಖಾನೆ ನಿಂತು ಕೆಲಸ ಹೋದ ಮನೆ. ಅಲ್ಲಿಗೆ ಒಂದು ಪುಸ್ತಕ ಬರುತ್ತದೆ. ನಂಬಿದವನಿಗೆ ದೇವರು ಸಂಪತ್ತು ಕೊಟ್ಟೇ ಕೊಡುತ್ತಾನೆ ಎನ್ನುವ ಪುಸ್ತಕ. ಆದಿಯಲ್ಲಿ ಪ್ರಾರ್ಥನೆ ಇದೆ, ವಚನಗಳಿವೆ, ಕಣ್ಣೀರು ಬರುತ್ತದೆ. ಮಧ್ಯದಲ್ಲಿ ಕಾಣಿಕೆಯ ಲೆಕ್ಕ ಶುರುವಾಗುತ್ತದೆ: ಇಷ್ಟು ಬಿತ್ತಿದರೆ ಅಷ್ಟು ಬೆಳೆ. ಕೊನೆಗೆ ಓದಿದವರು ಯೋಚಿಸುವುದು ದೇವರನ್ನಲ್ಲ, ಪಕ್ಕದ ಮನೆಯವರಿಗೆ ಕೆಲಸ ಸಿಕ್ಕಿತು ನನಗೇಕೆ ಸಿಗಲಿಲ್ಲ, ನನ್ನ ನಂಬಿಕೆಯೇ ಸಾಲದೇನೋ ಎಂಬುದನ್ನು. ಪುಸ್ತಕದ ಯಾವ ಪುಟವನ್ನು ಕಿತ್ತು ತೋರಿಸಿದರೂ ಬೈಬಲಿಗೆ ವಿರುದ್ಧ ಎನ್ನುವುದು ಕಷ್ಟವಾಗಬಹುದು. ಅದು ಬಿಟ್ಟುಹೋದ ಮನಸ್ಥಿತಿಯನ್ನು ನೋಡಿದರೆ ಕಷ್ಟವಿಲ್ಲ. ಮನಸ್ಸು ಬರಡಾಗಿರುವ ಕಾಲದಲ್ಲಿ ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸಬೇಡಿ ಎಂಬ ಇನ್ನೊಂದು ನಿಯಮವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂಥ ಪುಸ್ತಕಗಳು ಮನೆ ಬಾಗಿಲು ಹುಡುಕಿಕೊಂಡು ಬರುವುದೇ ಆ ಕಾಲದಲ್ಲಿ.

ಹಾಗಾದರೆ ನೆಮ್ಮದಿ ಕೊಟ್ಟದ್ದೆಲ್ಲ ಒಳ್ಳೆಯದು, ಕದಡಿದ್ದೆಲ್ಲ ಕೆಟ್ಟದ್ದೇ? ಅಲ್ಲ, ಈ ತತ್ತ್ವವನ್ನು ಅರ್ಧ ಕೇಳಿದವರು ಎಡವುವುದು ಇಲ್ಲೇ. ಮನುಷ್ಯ ಯಾವ ದಿಕ್ಕಿಗೆ ಹೊರಟಿದ್ದಾನೆ ಎಂಬುದರ ಮೇಲೆ ಎಲ್ಲ ನಿಂತಿದೆ. ಒಳಿತಿನತ್ತ ನಡೆಯುವವನಿಗೆ ಒಳ್ಳೆಯ ಪ್ರೇರಣೆ ಸ್ಪಂಜಿನ ಮೇಲೆ ಬಿದ್ದ ನೀರಹನಿಯಂತೆ ಸದ್ದಿಲ್ಲದೆ ಇಳಿಯುತ್ತದೆ, ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದಂತೆ ಸಿಡಿಯುತ್ತದೆ ಎನ್ನುತ್ತಾರೆ ಇಗ್ನೇಷಿಯಸ್. ಕೆಡುಕಿನತ್ತ ಜಾರುತ್ತಿರುವವನಿಗೆ ಇದು ತಿರುಗುಮುರುಗು. ಲಂಚ ತಿಂದು ಹಾಯಾಗಿರುವವನಿಗೆ ಇಂಪಾದ ಒಂದು ಭಕ್ತಿಗೀತೆ ಜೋಗುಳವಾಗಬಹುದು. ಅವನ ನಿದ್ದೆ ಕೆಡಿಸುವ ಪುಸ್ತಕವೇ ಅವನಿಗೆ ದೇವರ ಮಾತು. ಆದ್ದರಿಂದ ಒಂದು ಹಾಡು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಊರಿಗೆಲ್ಲ ಒಂದೇ ಉತ್ತರ ಸಿಗುವುದಿಲ್ಲ.

ಸಂಗೀತದ ವಿಷಯ ಇನ್ನೂ ನಾಜೂಕು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆದ ‘ಕನ್ಫೆಶನ್ಸ್’ ಕೃತಿಯ ಹತ್ತನೆಯ ಭಾಗದಲ್ಲಿ ಸಂತ ಅಗಸ್ಟೀನ್ ಇದೇ ಇಕ್ಕಟ್ಟಿನಲ್ಲಿದ್ದಾರೆ. ಚರ್ಚಿನಲ್ಲಿ ಹಾಡಿದ ಸಾಹಿತ್ಯಕ್ಕಿಂತ ರಾಗವೇ ತನ್ನನ್ನು ಹೆಚ್ಚು ಕುಲುಕಿದರೆ ಅದನ್ನು ಅವರು ಪಾಪವೆಂದೇ ಎಣಿಸುತ್ತಾರೆ. ಆದರೆ ಮನಸ್ಸು ತಿರುಗಿದ ಹೊಸದರಲ್ಲಿ ಅದೇ ಹಾಡುಗಳಿಗೆ ಸುರಿಸಿದ ಕಣ್ಣೀರನ್ನು ನೆನೆದು, ಹಾಡು ಇರಲಿ ಎನ್ನುವ ಕಡೆಗೇ ವಾಲುತ್ತಾರೆ. ಕೀಬೋರ್ಡು, ಡ್ರಮ್ಮು, ಮಂದ ಬೆಳಕು ಸೇರಿದಾಗ ಮೈ ನವಿರೇಳುವುದು ಯಾವ ಗೋಷ್ಠಿಯಲ್ಲೂ ಆಗುತ್ತದೆ. ಇಗ್ನೇಷಿಯಸ್ ಹೇಳುವ ಸಾಂತ್ವನ ಅದಲ್ಲ. ನಂಬಿಕೆ, ಭರವಸೆ, ಪ್ರೀತಿ ಬೆಳೆಯುವುದು ಸಾಂತ್ವನ, ಅದು ಅಳುವಿನ ರೂಪದಲ್ಲಿ ಬಂದರೂ ಸರಿ.

ಹಾಗೆಂದು ರಾಗ, ವಾದ್ಯ, ಛಂದಸ್ಸುಗಳಲ್ಲೇ ಮಡಿ ಮೈಲಿಗೆ ಹುಡುಕುವುದೂ ಸಲ್ಲ. ಕನ್ನಡದಲ್ಲೇ ಇದಕ್ಕೆ ಉದಾಹರಣೆಯಿದೆ. ಬಾಸೆಲ್ ಮಿಶನ್ನಿನ ಕಟ್ಟುನಿಟ್ಟಿನ ಭಕ್ತಿಯ (ಪೈಟಿಸ್ಟ್) ಪರಂಪರೆ ನಾಟಕ, ಕುಣಿತಗಳನ್ನು ಅನುಮಾನದಿಂದ ನೋಡುವಂಥದ್ದು. ಅದೇ ಮಿಶನ್ನಿನ ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಹೇಳಲು ಆರಿಸಿಕೊಂಡದ್ದು ಕನ್ನಡದ ಛಂದಸ್ಸನ್ನು. ಜರ್ಮನ್ ರಾಗಕ್ಕೆ ಕನ್ನಡ ಪದ ಜೋಡಿಸುವುದು ಸುಲಭವಾಗಿತ್ತು, ಯಾರೂ ಬೆರಳು ತೋರಿಸುತ್ತಲೂ ಇರಲಿಲ್ಲ. ಯಾವುದು ಪಾತ್ರೆ, ಯಾವುದು ಪಾನ ಎಂದು ಕಿಟೆಲ್‌ಗೆ ತಿಳಿದಿತ್ತು. ಹಾರ್ಮೋನಿಯಂ ಭಕ್ತಿ, ಗಿಟಾರು ಲೋಕ ಎಂದು ಇಂದಿಗೂ ವಾದ ಹೂಡುವವರನ್ನು ಕಂಡಾಗ ನನಗೆ ನಗು ಬರುತ್ತದೆ. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಯುರೋಪಿನಿಂದ ಹಡಗು ಹತ್ತಿ ಬಂದದ್ದೇ.

ಪಟ್ಟಿಯ ಪ್ರಯೋಗವನ್ನು ಕ್ಯಾಥೋಲಿಕ್ ಚರ್ಚು ದೊಡ್ಡ ಪ್ರಮಾಣದಲ್ಲೇ ಮಾಡಿ ನೋಡಿದೆ. 1559ರಲ್ಲಿ ಪೋಪ್ ನಾಲ್ಕನೆಯ ಪೌಲರ ಕಾಲದಲ್ಲಿ ಹೊರಟ ನಿಷಿದ್ಧ ಪುಸ್ತಕಗಳ ಪಟ್ಟಿ ನಾಲ್ಕು ಶತಮಾನ ನಡೆದು 1966ರಲ್ಲಿ ಕಾನೂನಿನ ಬಲ ಕಳೆದುಕೊಂಡಿತು. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದ ಮರುವರ್ಷವೇ, ಯಾವುದನ್ನು ಓದಬೇಕೆಂದು ತೀರ್ಮಾನಿಸುವ ಭಾರ ಪ್ರತಿಯೊಬ್ಬ ವಿಶ್ವಾಸಿಯ ಅಂತಃಸಾಕ್ಷಿಯ ಮೇಲೆ ಬಿತ್ತು. ಇಂದು ಯಾವ ಹಾಡಿನಲ್ಲಿ ಸೈತಾನನಿದ್ದಾನೆ ಎಂದು ವಾಟ್ಸಾಪ್ ಗುಂಪುಗಳಲ್ಲಿ ಪಟ್ಟಿ ಹಂಚುವವರು ಅದೇ ಹಳೆಯ ಕೆಲಸ ಮಾಡುತ್ತಿದ್ದಾರೆ. ಆ ಕಾಲದ ಪರಿಶೀಲಕರಾದರೂ ಪುಸ್ತಕವನ್ನು ಓದುವ ಕಷ್ಟ ತೆಗೆದುಕೊಳ್ಳುತ್ತಿದ್ದರು.

ಅಂತಃಸಾಕ್ಷಿಗೆ ಬಿಟ್ಟದ್ದು ಎಂದರೆ ಒಬ್ಬಂಟಿಯಾಗಿ ಬಿಟ್ಟದ್ದು ಎಂದಲ್ಲ. ಗುಟ್ಟಾಗಿರಲು ಬಯಸುವುದು ಕೆಡುಕಿನ ಒಂದು ಲಕ್ಷಣ, ಅದನ್ನು ತಿಳಿದವರೊಬ್ಬರ ಮುಂದೆ ಬಿಚ್ಚಿಟ್ಟರೆ ಅರ್ಧ ಬಲ ಹೋಗುತ್ತದೆ ಎಂಬುದೂ ಆ ನಿಯಮಗಳಲ್ಲಿದೆ. ಮಗ ಕಿವಿಗೆ ಸಿಕ್ಕಿಸಿಕೊಂಡು ಏನು ಕೇಳುತ್ತಿದ್ದಾನೆ ಎಂದು ತಾಯಿ ಪತ್ತೇದಾರಿಕೆ ಮಾಡುವುದಕ್ಕಿಂತ, ಇಬ್ಬರೂ ಒಂದು ಹಾಡನ್ನು ಕೂತು ಕೇಳಿ, ನಿನಗೇನನ್ನಿಸಿತು, ನನಗೇನನ್ನಿಸಿತು ಎಂದು ಮಾತಾಡುವುದೇ ಈ ನಿಯಮಕ್ಕೆ ಹತ್ತಿರ.

ಒಂದು ತೊಡಕು ಮಾತ್ರ ಇಗ್ನೇಷಿಯಸ್ ಅವರ ಕಾಲದಲ್ಲಿ ಇರಲಿಲ್ಲ. ಅವರ ವಿಧಾನಕ್ಕೆ ಬೇಕಾದದ್ದು ‘ಆಮೇಲೆ’ ಎಂಬ ಒಂದು ಹೊತ್ತು: ಪುಸ್ತಕ ಮಡಚಿಟ್ಟು ಸುಮ್ಮನೆ ಬಿದ್ದುಕೊಂಡಿರುವ ಹೊತ್ತು. ಯೂಟ್ಯೂಬು ಒಂದು ಪ್ರಸಂಗ ಮುಗಿದ ಕೂಡಲೇ ಇನ್ನೊಂದನ್ನು ಹಚ್ಚುತ್ತದೆ. ರೀಲ್ಸಿಗೆ ಮಧ್ಯವೂ ಇಲ್ಲ, ಅಂತ್ಯವೂ ಇಲ್ಲ. ಬೆರಳು ತಳ್ಳುತ್ತಲೇ ಇದ್ದರೆ ಯಾವುದು ಒಣಗಿಸಿತು, ಯಾವುದು ಉಳಿಯಿತು ಎಂದು ತಿಳಿಯುವುದು ಎಂತು? ಮಧ್ಯಾಹ್ನಕ್ಕೊಮ್ಮೆ, ರಾತ್ರಿಗೊಮ್ಮೆ ಕೂತು ಆವರೆಗಿನ ಹೊತ್ತನ್ನು ಮನಸ್ಸಿನಲ್ಲೇ ಹಿಂದಕ್ಕೆ ಓಡಿಸಿ ನೋಡುವ ಅಭ್ಯಾಸವನ್ನು ಅವರು ತಮ್ಮವರಿಗೆ ಕಡ್ಡಾಯದಂತೆ ಕಲಿಸಿದರು. ಫೋನಿನಲ್ಲಿ ತಾನೇ ಮುಂದಿನದಕ್ಕೆ ಹಾರುವ ವ್ಯವಸ್ಥೆಯನ್ನು ನಿಲ್ಲಿಸಿ, ಒಂದು ಹಾಡಿನ ನಂತರ ಐದು ನಿಮಿಷ ಏನನ್ನೂ ಹಾಕದೆ ಕೂತರೆ ಅದರ ಮೊದಲ ಪಾಠವಾದೀತು.